ವಲ್ಲಿಯ ಕೆಳಗಿನ ಅಂಕಿ

೧೨ ಮೇ ೨೦೨೫, ಸೋಮವಾರ

ನಾನು ರತ್ನವ್ವ ಅರಳಿಕಟ್ಟಿ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮೂರು ತಲೆಮಾರಿನಿಂದ ಕಾಳಿನ ವ್ಯಾಪಾರ ಮಾಡಿಕೊಂಡು ಬಂದ ಮನೆತನಕ್ಕೆ ಹಿರಿಯ ಸೊಸೆಯಾಗಿ ಬಂದವಳು, ಈಗ ಯಜಮಾನಿ. ವಯಸ್ಸು ಎಪ್ಪತ್ತು. ಎಸ್ಸೆಸ್ಸೆಲ್ಸಿಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳು. ಮಾವನವರು ಕಟ್ಟಿದ ಶಾಲೆಗೆ ಹದಿನೆಂಟು ವರ್ಷದಿಂದ ನಾನೇ ಅಧ್ಯಕ್ಷಳು. ನನ್ನನ್ನು ಕೇಳದೆ ಅಲ್ಲಿ ಒಂದು ಬೆಂಚನ್ನೂ ಯಾರೂ ಅತ್ತಿಂದಿತ್ತ ಸರಿಸುವುದಿಲ್ಲ. ಇದನ್ನು ಬರೆದಿಡಲು ಕಾರಣವಿದೆ. ಇವತ್ತು ನನ್ನನ್ನು ಕೇಳದೆ ಶಾಲೆಯ ಸಭಾಂಗಣವನ್ನೇ ಕೊಟ್ಟಿದ್ದಾರೆ.

ಕೊಟ್ಟವನು ಮಗ ಅಮರೇಶ. ಅವನ ಹಿಂದೆ ನಿಂತವಳು ಸೊಸೆ ರಾಜೇಶ್ವರಿ. ಅವಳು ನಮ್ಮದೇ ಶಾಲೆಯ ಗಣಿತ ಶಿಕ್ಷಕಿ. ಕಣ್ಣು ಕಾಣದ ಮಕ್ಕಳಿಗೆ ಗಣಿತ ಕಲಿಸುವುದು ಹೇಗೆ ಎಂದು ಅವಳೂ ಸೇರಿ ಸುತ್ತಲಿನ ಊರುಗಳ ಹನ್ನೆರಡು ಮಂದಿ ಶಿಕ್ಷಕರಿಗೆ ಎರಡು ವಾರ ತರಬೇತಿಯಂತೆ. ಅವರಿಗೆ ಕಲಿಸಲು ಬಂದವಳು ಧಾರವಾಡದ ಮಾಳಮಡ್ಡಿಯ ನಿರುಪಮಾ. ಮೂವತ್ತೈದು ದಾಟಿರಲಿಕ್ಕಿಲ್ಲ. ಕೈಮಗ್ಗದ ಸೀರೆ, ಗಂಡಸರ ಕೈಗಡಿಯಾರ. ಬಂದವಳೇ ನಮಸ್ಕಾರ ಮಾಡಿ, ಬಾಗಿಲ ಬಳಿ ಇದ್ದ ನನ್ನ ಕುರ್ಚಿಯನ್ನು ಗೋಡೆಗೆ ಸರಿಸಲು ಸಿಪಾಯಿಗೆ ಹೇಳಿದಳು. ಹುಡುಗಿ ಎಡವಬಾರದಂತೆ.

ಹುಡುಗಿ ಎಂದರೆ ನನ್ನ ಮೊಮ್ಮಗಳು ಭಾಗ್ಯಶ್ರೀ. ಶಿಕ್ಷಕರು ಅವಳಿಗೆ ಪಾಠ ಮಾಡಿ ತಮ್ಮ ತಪ್ಪು ತಿದ್ದಿಕೊಳ್ಳಬೇಕಂತೆ. ಅವಳಿಗೆ ಹದಿನಾಲ್ಕು ವರ್ಷ. ಆರನೆಯ ವಯಸ್ಸಿನಲ್ಲಿ ಎರಡೂ ಕಣ್ಣು ಹೋದವು. ಬ್ರೈಲ್ ಪುಸ್ತಕಗಳನ್ನು ಬೆರಳಲ್ಲಿ ಸರಸರ ಓದುತ್ತಾಳೆ. ಗಣಿತವನ್ನು ಮಾತ್ರ ನಾನೇ ನಿಲ್ಲಿಸಿದ್ದೇನೆ. ಐದನೆಯ ತರಗತಿಯಲ್ಲಿ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಇಡೀ ವರ್ಗ ನಕ್ಕಿತು. ಮರುದಿನವೇ ಆಜ್ಞೆ ಮಾಡಿದೆ: ಗಣಿತದ ತಾಸಿನಲ್ಲಿ ಭಾಗ್ಯಾ ಸಂಗೀತದ ಕೋಣೆಯಲ್ಲಿ ಕೂರತಕ್ಕದ್ದು. ಈಗ ಒಂಬತ್ತಕ್ಕೆ ಬರುತ್ತಾಳೆ. ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಲು ಇಂಥ ಮಕ್ಕಳಿಗೆ ಒಂದು ಅರ್ಜಿ ಇದೆ. ಇದೇ ಇಪ್ಪತ್ತಾರರೊಳಗೆ ಹೋಗಬೇಕು. ಅಧ್ಯಕ್ಷರ ಸಹಿ ಬೇಕು. ಪೆನ್ನು ತೆಗೆದಿದ್ದೆ, ರಾಜೇಶ್ವರಿ ಅಡ್ಡ ಬಂದಳು.

"ಒಮ್ಮೆ ಬಿಟ್ರ ಮುಗದಹೋತ್ರಿ ಅತ್ತಿ. ಆಕಿ ಅಜ್ಜನ ಗಾದಿ ಮ್ಯಾಲೆ ಕೂಡ್ತೇನಿ ಅಂತಾಳ. ಗಣಿತ ಬಿಟ್ಟಾಕಿನ್ನ ಅಂಗಡ್ಯಾಗ ಯಾರ ಕೂಡಿಸ್ಕೋತಾರ?"

"ಊರ ಮಕ್ಕಳಿಗೆಲ್ಲಾ ಕಲಿಸಿದಿ. ಹಡದ ಮಗಳಿಗೆ ಒಂದು ಮಗ್ಗಿ ಕಲಿಸಲಿಲ್ಲ. ಈಗ ಎರಡು ವಾರದಾಗ ಕಲಿಸಾಕಿ ಏನು?"

ಅವಳು ಅರ್ಜಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ತರಬೇತಿ ಮುಗಿಯುವವರೆಗೆ ಸಹಿ ತಡೆಯುತ್ತೇನೆ ಎಂದಿದ್ದೇನೆ. ದಿನವೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ ಎಂದೂ ಹೇಳಿದ್ದೇನೆ. ನನ್ನ ಮೊಮ್ಮಗಳನ್ನು ಯಾರು ಹೇಗೆ ನಡೆಸಿಕೊಳ್ಳುತ್ತಾರೋ ನೋಡಬೇಕು.

೧೩ ಮೇ, ಮಂಗಳವಾರ

ನಿರುಪಮಾ ಒಂದು ತಗಡಿನ ಡಬ್ಬಿ ಮತ್ತು ಒಂದು ಚೀಲ ಹುಣಸೆ ಬೀಜ ತಂದಿದ್ದಾಳೆ. ಪಾಠ ಮಾಡುವಾಗ 'ಇದು', 'ಅದು', 'ಇಲ್ಲಿ ನೋಡು' ಎಂದು ಬಾಯಿ ತಪ್ಪಿ ಅಂದವರು ಡಬ್ಬಿಗೆ ಒಂದು ಬೀಜ ಹಾಕಬೇಕು. "ಕಾಣದ ಕೂಸಿಗೆ 'ಇದನ್ನ ಇದರಾಗ ಕಳೀ' ಅಂದ್ರ ಏನು ತಿಳೀಬೇಕು ಹೇಳ್ರಿ? ಬೆರಳು ತೋರ್ಸೋದು ಬಿಟ್ಟು ಬಾಯಿ ಬಿಚ್ಚಿ ಹೇಳ್ಲಿಕ್ಕೆ ಕಲೀಬೇಕು," ಎಂದಳು.

ಮೊದಲು ನಿಂತವಳು ನಮ್ಮ ರಾಜೇಶ್ವರಿ. ಇಪ್ಪತ್ತು ವರ್ಷ ಪಾಠ ಮಾಡಿದವಳು. ಟಣ್, ಟಣ್ ಎಂದು ಬೀಜ ಬೀಳುತ್ತಲೇ ಹೋಯಿತು. ನಾನು ಸೆರಗಿನೊಳಗೆ ಬೆರಳು ಒತ್ತಿಕೊಂಡು ಎಣಿಸಿದೆ. ಕಾಲು ತಾಸಿಗೆ ಹನ್ನೊಂದು. ಭಾಗ್ಯಾ ಗಟ್ಟಿಯಾಗಿಯೇ ಎಣಿಸಿದಳು. "ಹನ್ನೊಂದ ಆತ್ ಮಮ್ಮಿ! ಡಬ್ಬಿ ತುಂಬಿಸಾಕಿ ನೀ ಒಬ್ಬಾಕೀನ!" ಎಂದು ಕೇಕೆ ಹಾಕಿ ನಕ್ಕಳು. ಎಲ್ಲರೂ ನಕ್ಕರು.

ಅರಳಿಕಟ್ಟಿ ಮನೆಯ ಸೊಸೆಯನ್ನು ಹನ್ನೆರಡು ಊರಿನವರ ಮುಂದೆ ನಗೆಗೀಡು ಮಾಡುವುದು ಯಾವ ತರಬೇತಿ? ರಾಜೇಶ್ವರಿಯೂ ನಕ್ಕಳಲ್ಲ, ಅದು ನನಗೆ ಇನ್ನೂ ಸಿಟ್ಟು ತಂದಿತು.

೧೫ ಮೇ, ಗುರುವಾರ

ಇವತ್ತು ಜಗಳವಾಡಿದ್ದೇನೆ. ಆಡಬೇಕಿತ್ತು, ಆಡಿದೆ.

ಕಾಣದವರು ಲೆಕ್ಕ ಬಿಡಿಸಲು ಒಂದು ಚೌಕಟ್ಟು ಇದೆ. ಸಾಲು ಸಾಲಾಗಿ ತೂತುಗಳು. ಅದರಲ್ಲಿ ಸಣ್ಣ ಸಣ್ಣ ಮೊಳೆಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನೆಟ್ಟರೆ ಒಂದೊಂದು ಅಂಕಿ. ಭಾಗ್ಯಾ ಎರಡು ದಿನದಲ್ಲಿ ಅಂಕಿಗಳನ್ನು ಕಲಿತಳು. ಇವತ್ತು ರಮಾಕಾಂತ ಎಂಬ ಎಳೆಯ ಮೇಷ್ಟ್ರು ನಾಲ್ಕು ಸಾವಿರದ ಏಳು ಇಡಲು ಹೇಳಿದ. ಅವಳು ನಾಲ್ಕು ನೆಟ್ಟು, ಪಕ್ಕದ ತೂತಿನಲ್ಲಿ ಏಳು ನೆಟ್ಟಳು.

"ನಲವತ್ತೇಳು ಆತಲ್ವಾ. ನಡುವ ಎರಡು ಸೊನ್ನಿ ಬೇಕವಾ," ಎಂದ.

"ಸೊನ್ನಿ ಅಂದ್ರ ಏನೂ ಇಲ್ಲ ಅಲ್ರಿ ಸರ್? ಏನೂ ಇಲ್ಲಾಂದ್ರ ಯಾಕ ಇಡಬೇಕು?"

ಅವನು ವಿವರಿಸಿದ. ಮತ್ತೆ ವಿವರಿಸಿದ. ಅವಳು ಮತ್ತೆ ನಲವತ್ತೇಳನ್ನೇ ಇಟ್ಟಳು. ಮೂರನೆಯ ಸಲಕ್ಕೆ ಅವನು ಉಸಿರು ಬಿಟ್ಟು "ಪಾಪ" ಎಂದ.

ಎದ್ದು ನಿಂತೆ. "ಪಾಪ ಅನ್ನಾಕ ಆಕಿ ನಿಮ್ಮ ಮನಿ ಬಾಗಿಲಿಗೆ ಬಂದಾಳೇನು? ಅರಳಿಕಟ್ಟಿ ಮನಿ ಕೂಸದು. ನೀವು ಕಲಿಸೂದ ಇಷ್ಟ ಇದ್ರ ಡಬ್ಬಿ ಬೀಜ ಎತ್ಕೊಂಡು ನಡೀರಿ."

ನಿರುಪಮಾ ಹತ್ತಿರ ಬಂದಳು. "ಅಮ್ಮಾರ, ಪಾಪ ಅಂದವ್ರಿಗೆ ಎರಡು ಬೀಜ ಅದ. ರಮಾಕಾಂತ ಸರ್ ಹಾಕ್ತಾರ. ನೀವು ಕೂಡ್ರಿ."

"ನನ್ನ ಸಾಲ್ಯಾಗ ನನಗ ಕೂಡ್ರಿ ಅಂತೀಯೇನು?"

"ಹೌದ್ರಿ. ನೀವು ಒದರಿದಾಗೆಲ್ಲಾ ಆಕಿ ಬೆರಳು ಚೌಕಟ್ಟು ಬಿಟ್ಟು ಎದ್ದುಬಿಡ್ತಾವ. ನೋಡ್ರಿ ಬೇಕಾರ."

ನೋಡಿದೆ. ಭಾಗ್ಯಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಿದ್ದಳು. ನಾನು ಕೂರಲಿಲ್ಲ. ಹೊರಗೆ ವರಾಂಡಕ್ಕೆ ಬಂದೆ.

ಅಲ್ಲಿ ಇನ್ನೊಂದು ಕಾದಿತ್ತು. ಚಹಾಕ್ಕೆ ಬಿಟ್ಟಾಗ ಮುಗದ ಊರಿನ ಶಾಲೆಯ ಉಡಚಪ್ಪ ಮಾಸ್ತರ ಬಂದು ನಿಂತ. ನಿವೃತ್ತಿಗೆ ಎರಡು ವರ್ಷ ಉಳಿದವನು, ಹೆಗಲ ಮೇಲೆ ಶಲ್ಯದಂಥ ವಲ್ಲಿ ಹಾಕಿಕೊಂಡೇ ತರಬೇತಿಗೆ ಬರುವ ಒಬ್ಬನೇ ಗಂಡಸು. ಅವನ ಶಾಲೆಯಲ್ಲಿ ಕಾಣದ ಮಕ್ಕಳು ಇಬ್ಬರಿದ್ದಾರಂತೆ.

"ಅವ್ವಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ತವರು ಉಪ್ಪಿನಬೆಟಗೇರಿ ಅಲ್ಲೇನ್ರಿ? ನಾನೂ ಅದ ಊರಾಂವ. ಮೊನ್ನಿ ಬೀಜ ಬೀಳಾಗ ಸೆರಗಿನ್ಯಾಗ ಬೆರಳು ಒತ್ತಾಕತ್ತಿದ್ರಿ. ಹಂಗ ಒತ್ತೂದು ನಾ ಸಣ್ಣಾಂವ ಇದ್ದಾಗ ಒಬ್ರ ಕೈಯಾಗ ನೋಡೇನಿ. ದಲಾಲಿ ಫಕೀರಪ್ಪಾರ ಕೈಯಾಗ."

"ನನಗ ಆ ಊರು ಗೊತ್ತಿಲ್ಲ," ಎಂದೆ.

ಈ ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ. ಫಕೀರಪ್ಪ ನನ್ನ ಅಪ್ಪ. ದನದ ಸಂತೆಯ ದಲಾಲಿ. ಕೊಳ್ಳುವವನ ಕೈ ಒಮ್ಮೆ, ಮಾರುವವನ ಕೈ ಒಮ್ಮೆ ವಲ್ಲಿಯ ಕೆಳಗೆ ಹಿಡಿದು, ಸುತ್ತ ನಿಂತ ನೂರು ಮಂದಿಗೆ ಕಾಣದ ಹಾಗೆ ಬೆರಳಲ್ಲೇ ದರ ಮುಗಿಸುವ ಕೆಲಸ. ಅದನ್ನು ನನಗೂ ಕಲಿಸಿದ್ದ. ನಾನು ಮೆಟ್ರಿಕ್ ಪಾಸೆಂದು, ನೋಡಲು ಚೆನ್ನಾಗಿದ್ದೇನೆಂದು ಮಾವನವರು ಈ ಮನೆಗೆ ತಂದುಕೊಂಡರು. ಬಂದ ದಿನವೇ ಅತ್ತೆ ನನ್ನ ಬಲಗೈಯನ್ನು ಹಿಡಿದು ನೋಡಿ, "ಸಂತ್ಯಾಗ ದನಾ ಎಣಿಸಿದ ಕೈ. ಇನ್ನ ಮ್ಯಾಲೆ ಸೆರಗಿನ್ಯಾಗ ಇಟ್ಕೋ. ತವರಿನ ಮಾತು ಈ ಮನ್ಯಾಗ ತೆಗೀಬ್ಯಾಡ," ಎಂದರು. ತೆಗೆಯಲಿಲ್ಲ. ನನ್ನ ಮಕ್ಕಳಿಗೆ ಅಜ್ಜ ಒಕ್ಕಲುತನದವನು ಎಂದಷ್ಟೇ ಗೊತ್ತು. ಐವತ್ತು ವರ್ಷ ಕೈ ಸೆರಗಿನಲ್ಲೇ ಇದೆ.

೧೬ ಮೇ, ಶುಕ್ರವಾರ

ಉಡಚಪ್ಪನನ್ನು ತರಬೇತಿಯಿಂದ ತೆಗೆಸಿದೆ. ಅವನ ಹೆಡ್‌ಮಾಸ್ತರರಿಗೆ ಫೋನು ಮಾಡಿ, ಜಾಗ ಹನ್ನೊಂದು ಮಂದಿಗೆ ಮಾತ್ರ ಇದೆ, ನಿವೃತ್ತಿಗೆ ಬಂದವರ ಬದಲು ಎಳೆಯರು ಕಲಿಯಲಿ ಎಂದೆ. ಮಾತು ಸರಿಯಾಗಿಯೇ ಇದೆ. ಅವನು ಜಗಳ ಮಾಡಲಿಲ್ಲ. ಬುತ್ತಿಯ ಗಂಟು ಎತ್ತಿಕೊಂಡು, ನನ್ನ ಕಡೆ ನೋಡಿ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಮನೆಗೆ ಬಂದ ಮೇಲೆ ರಾಜೇಶ್ವರಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಎತ್ತಿ ಎತ್ತಿ ಇಟ್ಟಳು.

"ಎಲ್ಲಾರಕ್ಕಿಂತ ಛಲೋ ಕಲಿಯಾವ್ರು ಅವರೊಬ್ಬರ ಇದ್ರು. ನಾಕು ದಿನದಾಗ ಅವರು ಹಾಕಿದ್ದು ಮೂರ ಬೀಜ. ಯಾಕ ತೆಗಸಿದ್ರಿ ಅತ್ತಿ?"

"ಸಂಸ್ಥಾದ ವಿಷಯ. ನಿನಗ ಬ್ಯಾಡ."

"ಅವ್ರ ಸಾಲ್ಯಾಗ ಎರಡು ಕೂಸು ಕುಂತಾವ್ರಿ, ಕಾಣದು. ನಿಮ್ಮ ಸಂಸ್ಥಾ ಅವಕ್ಕ ಏನ್ ಹೇಳತೈತಿ?"

"ದನಿ ಇಳಿಸಿ ಮಾತಾಡು. ಈ ಮನ್ಯಾಗ ಸೊಸ್ತ್ಯಾರು ದನಿ ಏರಿಸಿದ್ದಿಲ್ಲ."

"ಅದಕ್ಕ ರಿ," ಎಂದಳು. ಇನ್ನೇನೋ ಹೇಳಲು ಹೊರಟು ನಲ್ಲಿ ತಿರುವಿದಳು.

೧೮ ಮೇ, ರವಿವಾರ

ಮಧ್ಯಾಹ್ನ ಕರೆಂಟು ಹೋಗಿತ್ತು. ಫ್ಯಾನಿಲ್ಲದೆ ಪಡಸಾಲೆಯಲ್ಲಿ ಕೂತಿದ್ದೆ. ಒಳಗಿನ ಕೋಣೆಯಿಂದ ಏನೋ ಚೆಲ್ಲಿದ ಸದ್ದು ಕೇಳಿಸಿತು. ಭಾಗ್ಯಾ ಚೌಕಟ್ಟಿನ ಮೊಳೆಗಳನ್ನೆಲ್ಲ ನೆಲಕ್ಕೆ ಎಸೆದಿದ್ದಳು. ಬಂದು ನನ್ನ ಕಾಲ ಬಳಿ ಕೂತಳು.

"ಅಜ್ಜಿ, ಫಾರ್ಮಿಗೆ ಸಹಿ ಮಾಡಿಬಿಡ್ರಿ. ನನಗ ಗಣಿತ ಬ್ಯಾಡ."

ನಾನು ಹೇಳಿದ್ದನ್ನೇ ಅವಳು ಹೇಳಿದಳು. ಸಂತೋಷವಾಗಬೇಕಿತ್ತು. ಮೈಯೆಲ್ಲ ಸಿಟ್ಟೇರಿತು. ಈ ಮನೆಯಲ್ಲಿ ಬಿಟ್ಟು ಏಳುವವರು ಯಾರೂ ಇಲ್ಲ.

"ಮತ್ತ ಅಜ್ಜನ ಗಾದಿ?"

"ಗಾದಿ ಪಪ್ಪಾಗ ಇರ್ಲಿ. ನಾ ಹಾಡ್ತೇನಿ."

"ನಿನ್ನ ಹಾಡು ನಾ ಕೇಳೇನಿ," ಎಂದೆ. ಅವಳ ದನಿ ಸುಮಾರು. ಯಾರೂ ಇಷ್ಟು ವರ್ಷ ಅವಳಿಗೆ ಹೇಳಿಲ್ಲ, ಅಷ್ಟೆ.

ಅಳು ಬಂತು ಅವಳಿಗೆ. ಎದ್ದು ಹೋಗಬಾರದೆಂದು ಕೈ ಹಿಡಿದು ಕೂರಿಸಿದೆ. ಕೈ ಹಿಡಿದ ಮೇಲೆ ಕೈ ಸುಮ್ಮನಿರಬೇಕಲ್ಲ. ಸೆರಗನ್ನು ಮೇಲೆಳೆದು ಅವಳ ಬೆರಳು ಹಿಡಿದೆ. ಒಂದು ಬೆರಳು ಹಿಡಿದರೆ ಒಂದು, ಎರಡಕ್ಕೆ ಎರಡು, ಐದೂ ಹಿಡಿದರೆ ಐದು. ಆರಕ್ಕೆ ಹೆಬ್ಬೆರಳಿನ ಬುಡ ಒತ್ತಬೇಕು, ಏಳಕ್ಕೆ ತೋರುಬೆರಳಿನ ಬುಡ. ಹೀಗೇ ಒಂಬತ್ತರವರೆಗೆ ಹೇಳಿಕೊಟ್ಟೆ. ಮೊದಲ ಹಿಡಿತ ಸಾವಿರ, ಆಮೇಲಿನದು ನೂರು, ಆಮೇಲೆ ಹತ್ತು, ಕೊನೆಗೆ ಬಿಡಿ. ಒಂದು ಸ್ಥಾನದಲ್ಲಿ ಏನೂ ಇಲ್ಲದಿದ್ದರೆ ಬರಿ ಅಂಗೈಯಿಂದ ಅಂಗೈ ಸವರಬೇಕು. ಅಲ್ಲಿ ಏನೂ ಇಲ್ಲವೆಂದು ಎದುರಿನವನಿಗೆ ತಿಳಿಯುವುದು ಹಾಗೆ. ಸವರದೆ ಮುಂದೆ ಹೋದ ದಲಾಲಿ ಆ ಸಂತೆಯಲ್ಲಿ ಮತ್ತೆ ವಲ್ಲಿ ಹಾಸುವ ಹಾಗಿಲ್ಲ.

ನಾಲ್ಕು ಬೆರಳು ಹಿಡಿದೆ. ಅಂಗೈ ಸವರಿದೆ. ಮತ್ತೆ ಸವರಿದೆ. ತೋರುಬೆರಳಿನ ಬುಡ ಒತ್ತಿದೆ.

ಭಾಗ್ಯಾ ಅಳು ನಿಲ್ಲಿಸಿದಳು. "ನಾಕು ಸಾವಿರದ ಏಳು," ಎಂದಳು. ಆಮೇಲೆ, "ಅಂದ್ರ ಸೊನ್ನಿನೂ ಮುಟ್ಟಬೇಕು! ಮುಟ್ಟಲಿಲ್ಲಾಂದ್ರ ಎಲ್ಲಾ ಹಿಂದ ಸರೀತಾವು!"

ಆಮೇಲೆ ನನ್ನನ್ನು ಬಿಡಲಿಲ್ಲ. ಚಹಾದ ಹೊತ್ತಾದರೂ ಬಿಡಲಿಲ್ಲ. ಕೂಡಿಸಿದಳು, ಕಳೆದಳು. "ಎಂಟರಾಗ ಹನ್ನೆರಡು ಕಳೀರಿ ಅಜ್ಜಿ," ಎಂದಳು. ಅದಕ್ಕೆ ಇದರಲ್ಲಿ ಹಿಡಿತ ಇಲ್ಲ ಎಂದೆ. ಅವಳು ನನ್ನ ಕೈಯನ್ನು ಮಗುಚಿ ಹಿಂಬದಿಯಿಂದ ನಾಲ್ಕು ಬೆರಳು ಹಿಡಿದಳು. "ಕೈ ಡಬ್ಬ ಹಾಕಿದ್ರ ಸೊನ್ನಿಗಿಂತ ಕೆಳಗ. ಈಗ ಐತಿ ನೋಡ್ರಿ."

"ಯಾರ ಕಲಿಸಿದ್ರು ಅಜ್ಜಿ ನಿಮಗ ಇದನ್ನ?"

"ಯಾರೂ ಇಲ್ಲ. ಸುಮ್ನ ಕುಂದರಲಿ ಅಂತ ಮಾಡಿದೆ. ಹೊರಗ ಹೇಳಬ್ಯಾಡ."

ಮೊಳೆಗಳನ್ನು ಅವಳ ಕೈಯಿಂದಲೇ ಹೆಕ್ಕಿಸಿದೆ. ನನ್ನ ಬೆರಳು ನೋಯುತ್ತಿವೆ. ಮಧ್ಯಾಹ್ನದ ನಿದ್ದೆ ಹಾಳಾಯಿತು.

೨೦ ಮೇ, ಮಂಗಳವಾರ

ನಿನ್ನೆ ಮತ್ತು ಇವತ್ತು ಭಾಗ್ಯಾ ಚೌಕಟ್ಟಿನಲ್ಲಿ ಒಂದು ಸೊನ್ನೆಯನ್ನೂ ಬಿಡಲಿಲ್ಲ. ನಿರುಪಮಾ ಎರಡು ಸಲ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಮಧ್ಯಾಹ್ನ ರಮಾಕಾಂತನ ಪಾಠ, ಸೊನ್ನೆಗಿಂತ ಕೆಳಗಿನ ಸಂಖ್ಯೆಗಳದ್ದು. ಗಂಟು ಹಾಕಿದ ಹಗ್ಗ ತಂದಿದ್ದ. ಅದು ಸಿಕ್ಕಾಗಿ ಅವನ ಕೈಗೇ ಸುತ್ತಿಕೊಂಡಿತು. ಆಗ ಈ ಹುಡುಗಿ, "ಸರ್, ಹಗ್ಗ ಬಿಡ್ರಿ, ಕೈ ಕೊಡ್ರಿ," ಎಂದಳು. ತನ್ನ ಓಢಣಿ ಮೇಲೆ ಹಾಸಿ, ಅವನ ಕೈ ಮಗುಚಿ, ಬೆರಳು ಹಿಡಿದು ಎಲ್ಲವನ್ನೂ ಹೇಳಿದಳು. ಎಲ್ಲರೂ ಎದ್ದು ಬಂದು ಸುತ್ತ ನಿಂತರು.

"ಇದು ಯಾವ ಪುಸ್ತಕದಾಗೂ ಇಲ್ಲ," ಎಂದಳು ನಿರುಪಮಾ. "ಯಾರು ಕಲಿಸಿದ್ರು ಭಾಗ್ಯಾ?"

"ನಮ್ಮಜ್ಜಿ!"

ಹನ್ನೊಂದು ಮುಖಗಳು ನನ್ನ ಕಡೆ ತಿರುಗಿದವು. ಒಬ್ಬ, "ದನದ ಸಂತ್ಯಾಗ ದಲಾಲರು ಹಿಂಗ ಮಾಡ್ತಾರಲ್ಲ?" ಎಂದು ಪಕ್ಕದವನಿಗೆ ಅಂದದ್ದು ನನಗೆ ಕೇಳಿಸಿತು.

"ನಾ ಏನೂ ಕಲಿಸಿಲ್ಲ," ಎಂದೆ. "ಹುಡುಗಿ ಸುಳ್ಳ ಹೇಳಾಕತ್ತೈತಿ."

ಭಾಗ್ಯಾ ಓಢಣಿಯನ್ನು ಮಡಿಸಿದಳು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿ.

೨೧ ಮೇ, ಬುಧವಾರ

ಭಾಗ್ಯಾ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ. ರಾಜೇಶ್ವರಿಯ ಪಕ್ಕ ಕೂತಳು. ಕರೆದರೆ "ಹ್ಞೂಂ ರಿ" ಎನ್ನುತ್ತಾಳೆ.

೨೨ ಮೇ, ಗುರುವಾರ

ಹ್ಞೂಂ ರಿ.

ತರಗತಿಯಲ್ಲಿ ಮತ್ತೆ ನಾಲ್ಕರ ಪಕ್ಕ ಏಳು ನೆಟ್ಟಳು. ಬೇಕೆಂದೇ ನೆಟ್ಟಳು. ನನಗೆ ಗೊತ್ತು, ನಿರುಪಮಾಗೂ ಗೊತ್ತು.

ಸಂಜೆ ನಿರುಪಮಾ ಆಫೀಸಿಗೆ ಬಂದಳು. ಕೂರೆಂದು ನಾನು ಹೇಳಲಿಲ್ಲ, ಅವಳೂ ಕೂರಲಿಲ್ಲ.

"ಅಮ್ಮಾರ, ನಿಮ್ಮ ಮನಿ ವಿಷಯ ನನಗ ಬ್ಯಾಡ. ಆದ್ರ ಆ ಕೂಸು ಖರೇ ಹೇಳ್ತು, ನನಗ ಗೊತ್ತದ. ರಮಾಕಾಂತ ಸರ್ ಎರಡು ದಿನ ತಮ್ಮ ಕೈ ತಾವ ಹಿಡಕೊಂಡು ನೋಡ್ಲಿಕತ್ತಾರ. ಅರ್ಧಾ ಮರತಾರ. ಆಕಿ ಮತ್ತೊಮ್ಮೆ ಹೇಳಿಕೊಡ್ಲಿಕ್ಕೆ ಒಲ್ಲೆ ಅಂತಾಳ."

"ಅಕ್ಕೋರ, ನಿಮಗ ಸಂಬಳ ಕೊಟ್ಟು ಕರಸ್ಯಾರ. ನೀವ ಕಲಿಸ್ರಿ."

"ನನಗ ಬರೂದಿಲ್ರಿ ಅದು," ಎಂದಳು. "ಬರೂದಿಲ್ಲ ಅಂತ ಹೇಳ್ಲಿಕ್ಕೆ ನನಗ ನಾಚಿಕಿಲ್ಲ. ಹನ್ನೊಂದು ಮಂದಿಗೆ ನಾ ಎರಡು ವಾರ ಅದನ್ನ ಕಲಿಸೇನಿ. ಬರೂದಿಲ್ಲಾಂದ್ರ ಬರೂದಿಲ್ಲ ಅನ್ರಿ, ಕೂಸಿನ ಮ್ಯಾಲೆ ಹಾಕಬ್ಯಾಡ್ರಿ ಅಂತ."

ಸೊಕ್ಕು. ಮಾಳಮಡ್ಡಿಯವರಿಗೆ ಮಾತಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಡಿ ಎಂದೆ. ನಡೆದಳು.

ಮನೆಯಲ್ಲಿ ಅರ್ಜಿ ನನ್ನ ಮೇಜಿನ ಮೇಲಿತ್ತು. ಅಮರೇಶ ಸಹಿ ಹಾಕಿದ್ದ. ರಾಜೇಶ್ವರಿ ಬಾಗಿಲಲ್ಲಿ ನಿಂತಿದ್ದಳು. "ನಾ ಇನ್ನ ಅಡ್ಡ ಬರೂದಿಲ್ರಿ ಅತ್ತಿ. ಆಕೀನ ಒಲ್ಲೆ ಅನ್ನಾಕತ್ತಾಳ. ಸಹಿ ಮಾಡ್ರಿ." ಕಣ್ಣು ಕೆಂಪಾಗಿದ್ದವು. ಜಗಳವಾಡಿದ್ದರೆ ನನಗೆ ಚೆನ್ನಾಗಿತ್ತು.

ಗೆದ್ದಿದ್ದೇನೆ. ಪೆನ್ನಿನಲ್ಲಿ ಶಾಯಿ ಇರಲಿಲ್ಲ. ನಾಳೆ ನೋಡಿದರಾಯಿತು.

೨೪ ಮೇ, ಶನಿವಾರ

ತರಬೇತಿ ಇವತ್ತು ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಆರಕ್ಕೆ ಪೂಜೆ ಮುಗಿಸಿ ಡ್ರೈವರ್ ಬಾಬುಸಾಬನಿಗೆ ಕಾರು ತೆಗೆಯಲು ಹೇಳಿದೆ. ಎಲ್ಲಿಗೆಂದು ಅಮರೇಶ ಕೇಳಿದ. ಹೇಳಲಿಲ್ಲ. ಧಾರವಾಡ ದಾಟಿ ಮುಗದ ಮುಟ್ಟಿದಾಗ ಎಂಟಾಗಿರಲಿಲ್ಲ. ಉಡಚಪ್ಪ ಮನೆಯ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ನನ್ನನ್ನು ಕಂಡು ಬಾಯಿ ತೊಳೆದುಕೊಳ್ಳಲೂ ಅವಸರ ಮಾಡಲಿಲ್ಲ.

"ಏನ್ರಿ ಅವ್ವಾರ, ಸೀಟು ಖಾಲಿ ಆತೇನು?"

"ನಾ ಫಕೀರಪ್ಪನ ಮಗಳು. ಲಗೂ ಗಾಡಿ ಹತ್ತು. ವಲ್ಲಿ ತಗೊಂಡು ಬಾ."

"ನೀವು ಯಾರ ಮಗಳು ಅಂತ ನನಗ ಒಂಬತ್ತ ದಿನದ ಹಿಂದನ ಗೊತ್ತಿತ್ತಲ್ರಿ," ಎಂದ. "ನಿಮ್ಮಪ್ಪಾರು ನಮ್ಮಪ್ಪಗ ಒಂದು ಎತ್ತು ಕೊಡಿಸಿದ್ರು. ಗಾಡಿ ಕಟ್ಟಿದ್ರ ಎಡಕ್ಕ ಎಳಿತಿತ್ತು."

"ಎತ್ತಿನ ತಪ್ಪು ಇರೂದಿಲ್ಲ. ನಿಮ್ಮಪ್ಪಗ ಗಾಡಿ ಕಟ್ಟಾಕ ಬರ್ತಿರಲಿಲ್ಲ."

ಅವನು ಬಿದ್ದು ಬಿದ್ದು ನಕ್ಕ. ಅವನ ಹೆಂಡತಿ ಅವಲಕ್ಕಿ ತಂದು ಕೊಟ್ಟಳು. ತಿನ್ನದೆ ಬಿಡಲಿಲ್ಲ.

ಹತ್ತೂವರೆಗೆ ಸಭಾಂಗಣಕ್ಕೆ ಹೋದೆವು. ನಿರುಪಮಾ ಬೋರ್ಡಿನ ಬಳಿ ಇದ್ದಳು. ಪಕ್ಕಕ್ಕೆ ಸರಿ ಎಂದೆ. ಸರಿದಳು. ಅವಳು ಸುಮ್ಮನೆ ಸರಿದದ್ದು ಇದೇ ಮೊದಲು. ಮೇಜಿನ ಮುಂದೆ ನಿಂತು ಹೇಳಿದೆ:

"ಹದಿನೈದನೇ ತಾರೀಖು ಈ ಉಡಚಪ್ಪ ಮಾಸ್ತರ ನನ್ನ ತವರು ಕೇಳಿದ. ಗೊತ್ತಿಲ್ಲ ಅಂದೆ. ಉಪ್ಪಿನಬೆಟಗೇರಿ ನನ್ನ ತವರು. ದನದ ಸಂತಿ ದಲಾಲಿ ಫಕೀರಪ್ಪ ನನ್ನ ಅಪ್ಪ. ಇಂವ ಬಾಯಿ ಬಿಡಬಾರದು ಅಂತ ಇವನ್ನ ಇಲ್ಲಿಂದ ತೆಗಸಿದಾಕಿ ನಾನು. ಮಂಗಳವಾರ ನನ್ನ ಮೊಮ್ಮಗಳು ಖರೇ ಹೇಳಿದ್ಲು. ಸುಳ್ಳ ಹೇಳಿದಾಕಿ ನಾನು. ಅಕ್ಕೋರ, ಸುಳ್ಳಿಗೆ ಎಷ್ಟು ಬೀಜ?"

"ಅದಕ್ಕ ನಾ ನಿಯಮ ಮಾಡಿಲ್ರಿ," ಎಂದಳು ನಿರುಪಮಾ.

ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಡಬ್ಬಿಗೆ ಸುರಿದೆ. ಯಾರೂ ನಗಲಿಲ್ಲ. ರಾಜೇಶ್ವರಿ ಮುಖಕ್ಕೆ ಸೆರಗು ಹಿಡಿದಿದ್ದಳು. ಮೊದಲ ಸಾಲಿನಿಂದ ಭಾಗ್ಯಾಳ ದನಿ ಬಂತು.

"ಒಮ್ಮೆಲೇ ಸುರವಿದ್ರ ಎಣಿಸಾಕ ಬರೂದಿಲ್ಲ ಅಜ್ಜಿ. ಒಂದೊಂದ ಹಾಕ್ರಿ."

ಡಬ್ಬಿಯನ್ನು ಬಗ್ಗಿಸಿ, ತೆಗೆದು, ಒಂದೊಂದಾಗಿ ಹಾಕಿದೆ. ಹದಿನೇಳು. ಕೊನೆಯದು ಬಿದ್ದಾಗ ಅವಳೂ ಹದಿನೇಳು ಎಂದಳು.

ಆಮೇಲೆ ಉಡಚಪ್ಪನ ವಲ್ಲಿಯನ್ನು ಮೇಜಿನ ಮೇಲೆ ಹಾಸಿದೆ. ಬಲಗೈಯನ್ನು ಸೆರಗಿನಿಂದ ತೆಗೆದು ವಲ್ಲಿಯ ಕೆಳಗಿಟ್ಟೆ. ಆ ಕಡೆಯಿಂದ ಅವನ ಕೈ ಬಂತು. ಹಳ್ಳಿಯಲ್ಲಿ ನೋಡಿ ಕಲಿತದ್ದು, ಅರ್ಧಂಬರ್ಧ. ಎಂಟಕ್ಕೆ ತಪ್ಪಿದ. ತಿದ್ದಿದೆ. ಆಮೇಲೆ ಶಿಕ್ಷಕರ ಕಣ್ಣು ಮುಚ್ಚಿಸಿ ಒಬ್ಬೊಬ್ಬರನ್ನೇ ಕರೆದೆ. ರಮಾಕಾಂತ ಸೊನ್ನೆ ಸವರುವುದನ್ನು ಮೂರು ಸಲ ಮರೆತ. "ಪಾಪ," ಎಂದಳು ಭಾಗ್ಯಾ. ಸಭಾಂಗಣ ಬಿದ್ದುಹೋಗುವ ಹಾಗೆ ನಕ್ಕರು. ಅವಳೂ ಎದ್ದು ಹೋಗಿ ಎರಡು ಬೀಜ ಹಾಕಿದಳು.

ಕೈ ಡಬ್ಬ ಹಾಕುವುದು ನನ್ನದಲ್ಲ, ನನ್ನ ಅಪ್ಪನದೂ ಅಲ್ಲ, ಅದು ಇವಳದ್ದು ಎಂದು ಎಲ್ಲರಿಗೂ ಹೇಳಿದೆ. ಅದನ್ನು ಅವಳೇ ಕಲಿಸಿದಳು. ನಿರುಪಮಾ ಪುಸ್ತಕದಲ್ಲಿ ಬರೆದುಕೊಂಡಳು. ಕೊನೆಗೆ ತನ್ನ ಕೈಯನ್ನೂ ವಲ್ಲಿಯ ಕೆಳಗೆ ಇಟ್ಟಳು. ಬೆರಳುಗಳು ಮೆತ್ತಗಿವೆ, ಹಿಡಿತ ಸಾಲದು. ಒಂಬತ್ತು ಸಾವಿರದ ಅರವತ್ತನ್ನು ಒಂಬತ್ನೂರ ಅರವತ್ತು ಮಾಡಿದಳು. ಮತ್ತೆ ಮಾಡೆಂದೆ. ನಾಲ್ಕನೆಯ ಸಲಕ್ಕೆ ಸರಿಯಾಯಿತು. ಅವಳ ಡಬ್ಬಿ ನನಗೆ ಇವತ್ತಿಗೂ ಸೇರುವುದಿಲ್ಲ.

ಮನೆಗೆ ಬಂದು ಅಮರೇಶನನ್ನು ಕರೆದೆ. ಅವನಿಗೆ ಆಗಲೇ ಯಾರೋ ಫೋನು ಮಾಡಿದ್ದರು.

"ಇಷ್ಟು ವರ್ಷ ಯಾಕ ಹೇಳಲಿಲ್ಲವ್ವಾ?"

"ನಿಮ್ಮಜ್ಜಿ ಬ್ಯಾಡ ಅಂದಿದ್ಲು. ಈಗ ಆಕಿ ಇಲ್ಲ, ನಾ ಅದೀನಿ," ಎಂದೆ. ಅರ್ಜಿಯ ಮೇಲೆ ಅವನ ಸಹಿಗೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದೆ. ಅದರ ಕೆಳಗೆ ನನ್ನ ಸಹಿ, ಸಂಸ್ಥೆಯ ಮುದ್ರೆ.

೨ ಜೂನ್, ಸೋಮವಾರ

ಶಾಲೆ ಶುರುವಾಗಿದೆ. ಒಂಬತ್ತನೆಯ ತರಗತಿಗೆ ಗಣಿತ ಮೂರನೆಯ ತಾಸು, ರಾಜೇಶ್ವರಿಯದೇ ಪಾಠ. ಅವಳ ಮೇಜಿನ ಮೇಲೆ ತಗಡಿನ ಡಬ್ಬಿ ಇದೆ. ನಾನು ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ.

ಗಂಟೆ ಹೊಡೆಯಿತು. ಭಾಗ್ಯಾ ಎದ್ದು, ನಾಲ್ಕು ವರ್ಷದ ರೂಢಿಯಂತೆ ಗೋಡೆ ಹಿಡಿದು ಸಂಗೀತದ ಕೋಣೆಯ ಕಡೆ ನಡೆದುಬಂದಳು. ಮರೆತಿದ್ದಳೋ ಹೆದರಿದ್ದಳೋ ನಾನು ಕೇಳಲಿಲ್ಲ. ಬಾಗಿಲು ತಳ್ಳಿದಳು. ಬೀಗದ ಮೇಲೆ ಕೈಯಾಡಿಸಿದಳು.

"ಅಜ್ಜಿ, ಇಲ್ಲಿ ಕೀಲಿ ಹಾಕೇತಿ ರಿ."

"ಗೊತ್ತೈತಿ," ಎಂದೆ. "ಹೊಳ್ಳಿ ನಡಿ."

ಅವಳು ನನ್ನ ಕುರ್ಚಿಯ ಬಳಿ ಬಂದು ನನ್ನ ಕೈ ಹುಡುಕಿ, ಮಗುಚಿ, ಹಿಂಬದಿಯಿಂದ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದು ಬಿಟ್ಟಳು. ನನಗೆ ಸೊನ್ನೆಗಿಂತ ಒಂದು ಕಡಿಮೆ ಅಂಕ ಕೊಟ್ಟಳು. ಆಮೇಲೆ ಗೋಡೆ ಹಿಡಿಯದೆ ತಿರುಗಿ ತರಗತಿಗೆ ಹೋದಳು.

ಆ ತಾಸು ಮುಗಿಯುವವರೆಗೆ ನಾಲ್ಕು ಸಲ ಡಬ್ಬಿಯ ಸದ್ದು ಬಂತು. ಸಂಗೀತದ ಮಾಸ್ತರರು ಬಂದು ಬೀಗದ ಬಗ್ಗೆ ಕೇಳಿದರು. ಮೂರನೆಯ ತಾಸು ಈ ವರ್ಷ ಕೋಣೆ ತೆರೆಯುವುದಿಲ್ಲ ಎಂದು ಹೇಳಿ ಕಳಿಸಿದೆ. ಕೀಲಿಕೈ ನನ್ನ ಸೊಂಟದಲ್ಲಿದೆ.